ಹೆಚ್ಚಿದ ನೀರು

ಕುರ್ಚಿಗೆ ತಕ್ಕ ಮನುಷ್ಯರನ್ನು ಹುಡುಕಿ ಕೂರಿಸುವ ಕಸುಬಿನಲ್ಲಿ ನನ್ನನ್ನು ಮೀರಿಸುವವನು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾನೆ. ನನ್ನ ಸುದ್ದಿ ಅವನಿಗೂ ಮುಟ್ಟಿರುವುದರಿಂದ ಹೊರಗೆ ಬರಲು ಹೆದರುತ್ತಿದ್ದಾನೆ. ನಾನು ತುಂಬಿಸಿದ ಕುರ್ಚಿಗಳು ಹನ್ನೆರಡು ಸಾವಿರ. ಮ್ಯಾನೇಜರು, ಹೆಡ್ಮೇಷ್ಟ್ರು, ಕಾಂಪೌಂಡರು ಹೋಗಲಿ, ಒಮ್ಮೆ ಒಂದು ಸರ್ಕಸ್ಸಿಗೆ ಸಿಂಹವನ್ನೂ ನಾನೇ ಗೊತ್ತುಮಾಡಿಕೊಟ್ಟೆ. ಅದು ಮೂರು ವರ್ಷ ಒಂದು ದಿನವೂ ರಜೆ ಕೇಳದೆ ದುಡಿದು, ಕೆಲಸ ಬಿಡುವಾಗ ಮನೆಯವರೆಗೂ ಬಂದು ನನಗೆ ಕೈಮುಗಿದು ಹೋಯಿತು. ನನ್ನ ಹೆಸರು ಗವಿರಂಗ. ಊರು ಕರೆಯುವುದು ಕುರ್ಚಿ ಗವಿರಂಗ ಎಂದು. ಹನ್ನೆರಡು ಸಾವಿರದ ಒಂದನೆಯ ಕುರ್ಚಿಯನ್ನೂ ನಾನೇ ತುಂಬಿಸಿದೆ. ಅದರಿಂದ ಒಂದು ಕೇರಿ ಖಾಲಿಯಾಯಿತು.

ನಮ್ಮ ಊರಿನಲ್ಲಿ 'ಇದೆ' ಎಂಬುದರ ಎದುರು ಮಾತನ್ನು ಯಾರೂ ಆಡರು. ಎರಡೇ ಅಕ್ಷರ. ನೀವು ಹಲ್ಲುಜ್ಜುವುದರೊಳಗೆ ಹತ್ತು ಸಲ ಅಂದಿರುತ್ತೀರಿ. ನಾನು ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಅಂದವನಲ್ಲ. ಅಂದರೆ, ಯಾವುದನ್ನು ಕುರಿತು ಅಂದೆವೋ ಅದು ಆ ಗಳಿಗೆಯಲ್ಲೇ ಹೊರಟುಹೋಗುತ್ತದೆ. ಕಾಫಿ ಹೋಟೆಲಿನಲ್ಲಿ ಪರವೂರಿನವನೊಬ್ಬ ಲೋಟ ತುಟಿಗಿಟ್ಟು ಸಕ್ಕರೆಯ ಬಗ್ಗೆ ಆ ಮಾತಾಡಿದ. ಮೂರು ವರ್ಷ ಆ ಬೀದಿಯಲ್ಲಿ ಬೆಲ್ಲವೂ ಸಪ್ಪೆ, ಮಾವಿನಹಣ್ಣೂ ಸಪ್ಪೆ, ಹೊಸದಾಗಿ ಮದುವೆಯಾದವರ ಮಾತೂ ಸಪ್ಪೆ. ಊರಿನ ಮೂಡಲಿಗೆ ಮೋಡ ತಡೆಯುವಂಥ ಗುಡ್ಡವಿತ್ತೆಂದು ನಮ್ಮಜ್ಜ ಹೇಳುತ್ತಿದ್ದರು. ಯಾರು ಏನೆಂದರೋ, ಈಗ ಅಲ್ಲಿ ಜೋಳ ಬೆಳೆಯುತ್ತಾರೆ.

ಆದ್ದರಿಂದ ಯಾವುದಾದರೂ ಪೂರ್ತಿ ಮುಗಿದರೆ ನಾವು 'ಹೆಚ್ಚಿದೆ' ಎನ್ನುತ್ತೇವೆ. ಡಬ್ಬದ ತಳ ಕಂಡರೆ "ಅಕ್ಕಿ ಹೆಚ್ಚೈತೆ, ತಗೊಂಬನ್ನಿ." ಜೇಬಿನ ತಳ ಕಂಡರೆ "ಕಾಸು ಹೆಚ್ಚೈತೆ, ನಾಳೆ ಬನ್ನಿ." ನಿಮ್ಮ ಅಜ್ಜಿಯರೂ ಹೀಗೆ ಅಂದಿರಬಹುದು, ಶಾಸ್ತ್ರಕ್ಕೆ. ನಾವು ಅನ್ನುವುದು ಜೀವಭಯಕ್ಕೆ. ಚೂರು ಉಳಿದಿದ್ದರೆ 'ಕಡಿಮೆ', ಏನೂ ಉಳಿಯದಿದ್ದರೆ 'ಹೆಚ್ಚು'. ಮೊಲೆ ಕುಡಿಯುವ ಕೂಸಿಗೂ ಈ ವ್ಯತ್ಯಾಸ ಗೊತ್ತು. ಇಂಥ ಊರಿನಲ್ಲಿ ಹುಟ್ಟಿದ ಮೇಲೆ ನಾನು ಜಂಬಗಾರನಾದದ್ದರಲ್ಲಿ ನನ್ನ ತಪ್ಪೇನಿದೆ ಹೇಳಿ.

ನಮ್ಮ ಊರಿನ ನೀರನ್ನು ಅಳೆಯುವುದು ಜಲಕರ್ಣ ಎಂಬ ಕಂಪನಿ. ಅವರ ಯಂತ್ರ ಕೊಳವೆಗೆ ಕಿವಿ ಹಚ್ಚಿಕೊಂಡು ಹರಿಯುವ ಸದ್ದಿನಿಂದಲೇ ನೀರು ಎಷ್ಟೆಂದು ಹೇಳುತ್ತದೆ. ಕಂಪನಿಯ ಹಜಾರಕ್ಕೆ ಹೋದರೆ ಗೋಡೆಯ ಮೇಲೆ ಕೇರಿಗೊಂದರಂತೆ ಹಿತ್ತಾಳೆಯ ತುತ್ತೂರಿಗಳು. ಪ್ರತಿಯೊಂದರ ಕೆಳಗೂ ಆ ಕೇರಿಯ ಹೆಸರು. ಕಿವಿ ಹತ್ತಿರ ಒಯ್ದರೆ ಆ ಕೇರಿಯ ನೀರು ಗುಳುಗುಳು ಅನ್ನುವುದು ಕೇಳುತ್ತದೆ. ನಾವು ಆಡಿದ್ದು ಅದಕ್ಕೂ ಕೇಳುತ್ತದೆ ಎಂದು ಅಲ್ಲಿ ಎಲ್ಲರೂ ಬೆಕ್ಕಿನ ಹಾಗೆ ನಡೆಯುತ್ತಾರೆ.

ಆ ಕಂಪನಿಯ ಮಾಲೀಕರಾದ ವಿರೂಪಣ್ಣನವರು ಒಂದು ದಿನ ನನಗೆ ಹೇಳಿಕಳಿಸಿದರು. ಊರಿನಲ್ಲಿ ಅವರಿಗೆ ಎದುರಾಡುವವರು ಇಬ್ಬರೇ, ಒಂದು ಅವರ ಹೆಂಡತಿ, ಇನ್ನೊಂದು ನಾನು.

"ಗವಿರಂಗ, ನೀರು ಅಳೆಯೋದು ಕಲಿತ್ವಿ, ಅಳೆದಿದ್ದನ್ನ ಮಾರೋದು ಕಲೀಬೇಕು. ಎಲ್ಲಿ ಸುಮ್ನೆ ಹರೀತೈತೆ, ಎಲ್ಲಿ ಬಾಯಾರ್ತೈತೆ, ನೋಡಿ ತಿರುಗಿಸೋ ತಲೆ ಬೇಕು. ಚೀಫ್ ರೆವಿನ್ಯೂ ಆಫೀಸರ್ ಅಂತಾರಂತೆ, ಅಂಥೋರು ಬೇಕು. ನಮ್ಮೂರವರು ಬ್ಯಾಡ. ಇವರು ಮುಖ ನೋಡಿ ನಲ್ಲಿ ಬಿಡೋ ಜನ."

"ಪರವೂರವರು ಬಾಯಿ ತೆಗೆದ್ರೆ ನಿಮ್ ಕೊಳಾಯಿ ಉಳಿಯುತ್ತಾ ಸಾಹುಕಾರ್ರೇ?"

"ಅದಕ್ಕೇ, ಪರವೂರವರೇ ಆಗಿರ್ಬೇಕು, ನಮ್ಮೂರಿನ ಮಾತು ತಾಯಿ ಹಾಲಿನ ಜೊತೆ ಕುಡಿದಿರ್ಬೇಕು."

"ಹುಲಿನೂ ಬೇಕು, ಹುಲ್ಲೂ ತಿನ್ಬೇಕು."

"ಸಿಂಹನ್ನೇ ಹುಡುಕಿ ಕೊಟ್ಟೋನು ನೀನು. ಹುಡುಕು."

ಹುಡುಕಿದೆ. ಏಳುನೂರು ಅರ್ಜಿ ಬಂದವು. ಬೇಡವಾದವರನ್ನು ಬೇಡ ಎಂದು ಮುಖಕ್ಕೆ ಹೇಳುವುದು ಹೇಗೆಂದು ಬೇರೆಯವರು ಒದ್ದಾಡುತ್ತಾರೆ. ನಮಗೆ ಸುಲಭ. "ನಿಮ್ಮ ಅರ್ಹತೆ ಹೆಚ್ಚಾಯಿತು ಸ್ವಾಮಿ" ಎನ್ನುತ್ತಿದ್ದೆ. ಅವರು ಎದೆ ಉಬ್ಬಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಒಬ್ಬ ಮಾತ್ರ ಕೆಟ್ಟ. ದೊಡ್ಡ ಪದವೀಧರ, ಟೈ ಎಂಬ ಕಂಠಕೌಪೀನ ಕಟ್ಟಿದ್ದ. ನಾನು ನೀರು ಕುಡಿಯಲು ಎದ್ದುಹೋದಾಗ ಪಕ್ಕದವನ ಹತ್ತಿರ, ಇವರ ಆಫೀಸಿನಲ್ಲಿ ಕೂರಲು ಒಂದು ನೆಟ್ಟಗಿನ ಕುರ್ಚಿಯೂ ಎಂದು ಶುರುಮಾಡಿ ಆ ಎರಡಕ್ಷರ ಆಡಿಬಿಟ್ಟ. ನಾನು ಬರುವ ಹೊತ್ತಿಗೆ ಆ ದಿನ ಬಂದಿದ್ದ ಏಳೂ ಜನ ನೆಲದ ಮೇಲೆ ಕೂತಿದ್ದರು. ಅಜ್ಜನ ಕಾಲದ ಬೀಟೆ ಕುರ್ಚಿಗಳು, ಏಳು. ಇವತ್ತಿಗೂ ನಾನು ಚಾಪೆಯ ಮೇಲೆ ಕೂತೇ ಜನರಿಗೆ ಕುರ್ಚಿ ಕೊಡಿಸುತ್ತೇನೆ.

ಕೊನೆಗೆ ಸಿಕ್ಕವರು ಪ್ರಫುಲ್ಲಾ ಮೇಡಂ. ಸಮುದ್ರದ ಕಡೆಯವರು. ಐವತ್ತು ದಾಟಿದ ಹೆಂಗಸು, ಗಂಜಿ ಹಾಕಿದ ಹತ್ತಿ ಸೀರೆ, ಕೊರಳಲ್ಲಿ ದಾರಕ್ಕೆ ತೂಗುವ ಕನ್ನಡಕ. ಹದಿಮೂರು ಊರುಗಳಲ್ಲಿ ಕರೆಂಟು, ಗ್ಯಾಸು, ನೀರು ಎಲ್ಲದರ ಮೀಟರನ್ನೂ ಮಾರಿ ಬಂದವರು. ವಿರೂಪಣ್ಣನವರು ಗಂಟಲು ಸರಿಮಾಡಿಕೊಂಡು, "ಆದಾಯ ಅಂದ್ರೆ ಏನಮ್ಮ?" ಎಂದು ಕೇಳಿದರು. ಏಳುನೂರು ಜನಕ್ಕೂ ಅದೇ ಪ್ರಶ್ನೆ.

"ಇರುವ ಕಡೆಯಿಂದ ಬೇಕಾದ ಕಡೆಗೆ ಹರಿಸುವುದು" ಎಂದರು ಮೇಡಂ.

ವಿರೂಪಣ್ಣನವರು ನನ್ನ ಕಡೆ ನೋಡಿದ ನೋಟದಲ್ಲೇ ನೇಮಕಾತಿ ಆಗಿಹೋಯಿತು. ಎದ್ದು ನಿಲ್ಲುವಾಗ ಮೇಡಂ ಒಂದು ಮಾತು ಕೇಳಿದರು. "ನನಗಿಂತ ಮುಂಚೆ ಈ ಲೆಕ್ಕವೆಲ್ಲ ನೋಡ್ತಾ ಇದ್ದವರು?"

"ಪಾಪ, ಅವರು ಹೋದ ವರ್ಷ ಹೆಚ್ಚಿದರು" ಎಂದರು ವಿರೂಪಣ್ಣನವರು, ತಲೆ ತಗ್ಗಿಸಿ.

"ಓ, ಬಡ್ತಿ ಸಿಕ್ಕಿತಾ?"

ಆಗ ನಾನು ಕೆಮ್ಮಬೇಕಿತ್ತು, ಹೊರಗೆ ಕರೆದುಕೊಂಡು ಹೋಗಿ ತಿಳಿಸಬೇಕಿತ್ತು. ವಿರೂಪಣ್ಣನವರ ಕಿವಿ ಸ್ವಲ್ಪ ಮಂದ. ಅವರಿಗೆ ಅದು ಕೇಳದೇ ಹೋಯಿತು. ನನಗೆ ತಮಾಷೆ ಉಕ್ಕಿ ಬಂತು. "ಹೌದು ಮೇಡಂ, ಬಹಳ ಮೇಲಕ್ಕೆ ಹೋದರು" ಎಂದೆ. ಆ ಕೀಟಲೆಯನ್ನು ಆಮೇಲೆ ಎಷ್ಟು ಜನರಿಗೆ ಹೇಳಿ ನಗಿಸಿದೆನೋ! ಈಗ ಯಾರಾದರೂ ಅದನ್ನು ನೆನಪಿಸಿದರೆ ಎದ್ದು ಹೋಗುತ್ತೇನೆ.

ಮೇಡಂಗೆ ಊರಿನ ಪಾಠ ಹೇಳಿಕೊಟ್ಟವನೂ ನಾನೇ. ಆರು ತಿಂಗಳು ಬೇಕಾಗುವ ಪಾಠವನ್ನು ಹನ್ನೊಂದು ದಿನದಲ್ಲಿ ಮುಗಿಸಿದೆ. ಬಾಯಲ್ಲಿ ಸದಾ ಒಂದು ಲವಂಗ ಇಟ್ಟುಕೊಳ್ಳುವುದು, ಆ ಮಾತು ನಾಲಿಗೆಗೆ ಬಂದ ತಕ್ಷಣ ಲವಂಗ ಕಚ್ಚುವುದು. ಮೊದಲ ವಾರ ತುಟಿ ಉರಿದು ಅವರು ಊಟ ಬಿಟ್ಟರು. ಎರಡನೆಯ ವಾರ ಅವರ ಬಾಯಿಂದ ಆ ಎರಡಕ್ಷರ ಕೋಲು ಹಾಕಿ ತಿವಿದರೂ ಹೊರಬೀಳದು. ನಾನು ಹೋಗಿ ವಿರೂಪಣ್ಣನವರಿಗೆ, "ನಮ್ಮೂರಿನ ಸೊಸೆ ಅಂದ್ಕೊಳಿ, ಮಾತೆಲ್ಲ ಅರೆದು ಕುಡಿಸಿದೀನಿ" ಎಂದೆ. ಬಾಯಿಗೆ ಬೀಗ ಹಾಕುವುದನ್ನು ಕಲಿಸಿದೆ. ಆದರೆ ಬೇರೆಯವರು ಆ ಮಾತಿನ ಬದಲು ಏನನ್ನುತ್ತಾರೆ ಎನ್ನುವುದನ್ನು ಕಲಿಸದೇ ಬಿಟ್ಟೆ. ಹುಟ್ಟಿದಾಗಿನಿಂದ ಕೇಳಿದ್ದನ್ನು ಕಲಿಸಬೇಕು ಎಂದು ಯಾರಿಗೆ ಹೊಳೆಯುತ್ತದೆ?

ಮೇಡಂ ಕೆಲಸಕ್ಕೆ ಕೂತವರೇ ಪ್ರತಿ ಕೇರಿಗೂ ಒಂದೊಂದು ಡಬ್ಬ ಇಡಿಸಿದರು. ಜನ ತಮ್ಮ ನೀರಿನ ಸ್ಥಿತಿಯನ್ನು ಚೀಟಿಯಲ್ಲಿ ಬರೆದು ಹಾಕಬೇಕು. ವಾರಕ್ಕೊಮ್ಮೆ ಚೀಟಿ ಓದಿ, ಅದರಂತೆ ನೀರು ತಿರುಗಿಸುವುದು. ಇಷ್ಟು ನ್ಯಾಯವಾದ ಏರ್ಪಾಟನ್ನು ನಮ್ಮ ಊರು ಕಂಡದ್ದು ಅದೇ ಮೊದಲು. ಬಯಲಿನ ಸೋಪಿನ ಕಾರ್ಖಾನೆಯವರು 'ನೀರು ಕಡಿಮೆ' ಎಂದು ಬರೆದರು. ಅವರಿಗೆ ದಿನಕ್ಕೆ ನಾಲ್ಕು ಗಂಟೆ ಬರುತ್ತಿತ್ತು, ಆರು ಬೇಕಿತ್ತು. ಮೂರನೆಯ ತಿಂಗಳು ನೀರು ದಿಣ್ಣೆ ಹತ್ತದಾದಾಗ ಅಲ್ಲಿನ ಬೋರೆಕೇರಿಯವರು 'ನೀರು ಹೆಚ್ಚಿದೆ' ಎಂದು ಬರೆದರು. ಮೇಡಂ ಬೋರೆಕೇರಿಯ ವಾಲ್ವನ್ನು ಒಂದು ಸುತ್ತು ಮುಚ್ಚಿಸಿ ಆ ನೀರನ್ನು ಕಾರ್ಖಾನೆಗೆ ತಿರುಗಿಸಿದರು. ಮುಂದಿನ ವಾರ ಬೋರೆಕೇರಿಯಿಂದ 'ನೀರು ತುಂಬಾ ಹೆಚ್ಚಿದೆ' ಎಂದು ನಲವತ್ತು ಚೀಟಿ ಬಂದವು. ಇನ್ನೊಂದು ಸುತ್ತು. ಅದರ ಮುಂದಿನ ವಾರ ನೂರಿಪ್ಪತ್ತು ಚೀಟಿ, ಕೆಲವು ಕೆಂಪು ಶಾಯಿಯಲ್ಲಿ, 'ಪೂರಾ ಹೆಚ್ಚಿದೆ ಮಹಾತಾಯಿ, ಬೇಗ ನೋಡಿ' ಎಂದು. ಮೇಡಂ ಬೇಗ ನೋಡಿದರು. ಇನ್ನೂ ಎರಡು ಸುತ್ತು.

ಆ ದಿನ ನಾನು ಹಜಾರಕ್ಕೆ ಹೋಗಿದ್ದೆ. ಮೇಡಂ ಚೀಟಿಗಳ ರಾಶಿಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. "ಗವಿರಂಗ ಅವರೇ, ಎಂಥ ಜನ ನಿಮ್ಮವರು! ನಮಗೆ ನೀರು ಹೆಚ್ಚಾಗಿದೆ, ಬೇರೆಯವರಿಗೆ ಕೊಡಿ ಅಂತ ತಾವಾಗೇ ಬರೆದು ಕೊಡ್ತಾರೆ. ಹದಿಮೂರು ಊರು ನೋಡಿದ್ದೇನೆ. ಇಂಥವರನ್ನ ಎಲ್ಲೂ ಕಾಣೆ."

ನನಗೆ ಎಲ್ಲ ಆಗಲೇ ತಿಳಿಯಿತು. ಸುಳ್ಳೇಕೆ, ಮೊದಲು ಬಂದದ್ದು ನಗು. ಅದರ ಹಿಂದೆಯೇ ನೆನಪಾಯಿತು: ಬೋರೆಕೇರಿಯಲ್ಲಿ ನನ್ನ ಅಕ್ಕ ಇದ್ದಾಳೆ. ಬಾಯಿ ತೆರೆದೆ. ಅಷ್ಟರಲ್ಲಿ ವಿರೂಪಣ್ಣನವರು ಒಳಗೆ ಬಂದು ನನ್ನ ಹೆಗಲ ಮೇಲೆ ಕೈಹಾಕಿ, "ಮೇಡಂ ಬಂದು ನೂರು ದಿನ ತುಂಬೋ ದಿವಸ ನಿನಗೆ ಸನ್ಮಾನ ಕಣಯ್ಯ. ಶಾಲು, ಪೇಟ, ಹಣ್ಣಿನ ಬುಟ್ಟಿ, ಬ್ಯಾಂಡ್ ಸೆಟ್. ಊರಿಗೆ ಊರೇ ಬರ್ತೈತೆ" ಎಂದರು. ನೂರು ದಿನ ತುಂಬಲು ಇನ್ನು ಹತ್ತು ದಿನ.

"ನಮ್ಮ ಜನ ಅಂದ್ರೆ ಹಾಗೇ ಮೇಡಂ, ಅಪರಂಜಿ" ಎಂದೆ.

ಹೊರಗೆ ನೀರುಗಂಟಿ ಬುಡೇನ್ ಸಾಬರು ವಾಲ್ವಿನ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀಡಿ ಸೇದುತ್ತಿದ್ದರು. ಮೂವತ್ತು ವರ್ಷದಿಂದ ಊರಿನ ನಲ್ಲಿಗಳಿಗೆ ನೀರು ಬಿಡುವವರು ಅವರೇ. "ಸಾಬರೇ, ಬೋರೆಕೇರಿ ಚೀಟಿ ಓದಿ ನಿಮಗೇನೂ ಅನ್ನಿಸದೇ ಹೋಯ್ತಾ?" ಎಂದು ಕೇಳಿದೆ.

"ಅನ್ನಿಸೋದೇನ್ ಸಾಮಿ. ನೀರು ಹೆಚ್ಚೈತೆ ಅಂತ ಜನ ಅಳ್ತಾರೆ, ಮುಚ್ಚು ಅಂತಾರೆ ದೊಡ್ಡೋರು. ಹಿಂದಿನೋರು ಬೈದು ಮುಚ್ಚಿಸೋರು, ಇವರು ನಕ್ಕೊಂಡು ಮುಚ್ಚಿಸ್ತಾರೆ. ಅಷ್ಟೇ ಫರಕು."

ಊರಿನ ಒಬ್ಬನಿಗೂ ಇದು ತಪ್ಪು ತಿಳಿವಳಿಕೆ ಎನ್ನುವ ಅನುಮಾನ ಹುಟ್ಟದೇ ಹೋದದ್ದು ಹೀಗೆ. ದೊಡ್ಡ ಕುರ್ಚಿಯಲ್ಲಿ ಕೂತವರು ಬೇಕೆಂದೇ ಮಾಡುತ್ತಾರೆ ಎಂದು ಎಲ್ಲರೂ ಪಳಗಿಹೋಗಿದ್ದರು.

ಮಾರನೆಯ ದಿನ ಅಕ್ಕ ಬಂದಳು. ಅಕ್ಕನ ಹೆಸರು ಓಬಮ್ಮ. ಅವ್ವ ಸತ್ತಾಗ ನನಗೆ ಎರಡು ವರ್ಷ, ಅವಳಿಗೆ ಹನ್ನೊಂದು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬೆಳೆದವಳು. ಜೊತೆಗೆ ಬಾವ ಚಿತ್ತಯ್ಯ. ನೂಲಿಗೆ ಬಣ್ಣ ಹಾಕುವ ಕೆಲಸ. ಮೊಣಕೈವರೆಗೂ ನೀಲಿ ಹತ್ತಿದ ಅವನ ಕೈಗಳನ್ನು ನೋಡಿ ನಾನು ಚಿಕ್ಕಂದಿನಲ್ಲಿ ದೇವರೆಂದೇ ತಿಳಿದಿದ್ದೆ. ಇಬ್ಬರ ತುಟಿಯೂ ಒಡೆದಿತ್ತು. ಬಾವನ ಕೈಯ ನೀಲಿ ಒಣಗಿ ಪುಡಿ ಉದುರುತ್ತಿತ್ತು.

"ರಂಗ, ನಮ್ ಕೇರೀಲಿ ನೀರು ಪೂರಾ ಹೆಚ್ಚಿ ಎಂಟು ದಿನ ಆಯ್ತು ಕಣೋ" ಎಂದಳು ಅಕ್ಕ. "ಚೀಟಿ ಹಾಕಿದಷ್ಟೂ ನಲ್ಲಿ ಸಣ್ಣಗಾಗ್ತೈತೆ. ಕೆಳಗಿನ ಕೇರಿಯೋರು ಒಂದು ಬಿಂದಿಗೆ ಕೊಡೋಕೂ ಮುಖ ತಿರುಗಿಸ್ತಾರೆ. ಅದ್ಯಾವ ಪುಣ್ಯಾತ್ಗಿತ್ತೀನ ತಂದು ಕೂರಿಸ್ದೋ?"

"ಏನ್ ಬಾಮೈದ" ಎಂದ ಬಾವ, ನಗುತ್ತಲೇ. "ಊರಿಗೆಲ್ಲ ಕುರ್ಚಿ ಹಾಕೋನು ನಮ್ ನಲ್ಲಿ ಮೇಲೇ ಒಂದು ಹಾಕ್ಬಿಟ್ಯಲ್ಲ!"

"ನಾನಿದೀನಲ್ಲ ಬಾವ. ನನ್ನ ಒಂದು ಮಾತಿಗೆ ಆ ಕಂಪನಿ ನಡುಗ್ತೈತೆ. ಒಂಬತ್ತು ದಿನ ತಡ್ಕೊಳಿ."

"ಯಾಕೋ ಒಂಬತ್ತು ದಿನ? ಇವತ್ತೇ ಆಡು ಆ ಒಂದ್ ಮಾತ" ಎಂದಳು ಅಕ್ಕ.

ನಾನು ಅವರಿಗೆ ಒಂದು ಬಿಂದಿಗೆ ನೀರು ತುಂಬಿಕೊಟ್ಟೆ. ಬಾವ ಅದನ್ನು ಹೊತ್ತುಕೊಂಡು, "ಎಂಟು ಮನೆಗೆ ಹಂಚ್ಬೇಕು ಇದನ್ನ. ನಿನ್ ಹೆಸ್ರು ಹೇಳೇ ಹಂಚ್ತೀನಿ ಬಿಡು" ಎಂದು ಕಣ್ಣು ಹೊಡೆದ. ಅವನು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಮೇಡಂ ಹತ್ತಿರ ಹೋಗಿ, ನಾನು ನಿಮಗೆ ಅರ್ಧ ಪಾಠ ಹೇಳಿಕೊಟ್ಟೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಒಂದು ಲವಂಗ ಕಚ್ಚುವಷ್ಟು. ಆದರೆ ಹಾಗೆಂದ ಮೇಲೆ ಪೇಟ ಯಾರ ತಲೆಗೆ? ಒಂಬತ್ತು ದಿನ ಎಂದರೆ ಏನು ಮಹಾ ಎಂದು ನನಗೆ ನಾನೇ ಒಂಬತ್ತು ಸಾವಿರ ಸಲ ಹೇಳಿಕೊಂಡೆ. ಈ ಲೆಕ್ಕದಲ್ಲಿ ಉತ್ಪ್ರೇಕ್ಷೆ ಕಡಿಮೆ.

ಸನ್ಮಾನ ಬೆಳಿಗ್ಗೆ ಹನ್ನೊಂದಕ್ಕೆ. ಜರಿಪೇಟ ನನ್ನ ತಲೆಗೆ ಸರಿಯಾಗಿ ಕೂತಿತು, ನನಗೆಂದೇ ಹುಟ್ಟಿದ ಹಾಗೆ. ಬ್ಯಾಂಡಿನವರ ಕಹಳೆ ಎಷ್ಟು ಜೋರಾಗಿತ್ತೆಂದರೆ ಹಾರುತ್ತಿದ್ದ ಕಾಗೆಗಳು ನಿಂತು ಕೇಳಿದವು. ಮೇಡಂ ಮೈಕಿನ ಮುಂದೆ ಬಂದು, "ಬೋರೆಕೇರಿಯ ಜನರ ತ್ಯಾಗವನ್ನು ನಾನು ಮರೆಯುವವಳಲ್ಲ" ಎಂದರು. ಇಷ್ಟು ಕ್ರೂರ ವ್ಯಂಗ್ಯವನ್ನು ಜನ ಅದುವರೆಗೆ ಕೇಳಿದವರಲ್ಲ. ಎಲ್ಲರೂ ಹೆದರಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಬುಡೇನ್ ಸಾಬರು ವೇದಿಕೆಯ ಬುಡಕ್ಕೆ ಬಂದು ನನ್ನ ಪಂಚೆಯ ಅಂಚು ಜಗ್ಗಿದರು.

"ಸಾಮಿ, ಕೆಳಗೆ ಬನ್ನಿ. ನಿಮ್ ಬಾವ ಹಾಳುಬಾವಿಗೆ ಇಳಿದಿದ್ರು, ನೀರು ಸಿಕ್ತೈತೇನೋ ಅಂತ. ಮಣ್ಣು ಕುಸೀತು."

ಪೇಟ ತೆಗೆಯುವುದನ್ನು ಮರೆತು ಓಡಿದೆ. ಬೋರೆಕೇರಿಯ ತುದಿಯ ಬಾವಿಯ ಸುತ್ತ ಜನ ನಿಂತಿದ್ದರು. ಕೆಳಗಿಳಿದವರು ಮಣ್ಣು ಸರಿಸಿದಾಗ ಮೊದಲು ಕಂಡದ್ದು ನೀಲಿ ಕೈ. ಅದರಲ್ಲಿ ಒಂದು ಹಿಡಿ ಹಸಿ ಮಣ್ಣು ಇತ್ತು. ಇನ್ನು ಎರಡು ಮೊಳ ಅಗೆದಿದ್ದರೆ ಸಿಗುತ್ತಿತ್ತೇನೋ. ಅಕ್ಕ ನನ್ನ ತಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಗಂಡನ ಮುಖ ಒರೆಸಲು ಸೆರಗನ್ನು ಎಂಜಲಿನಲ್ಲಿ ನೆನೆಸಲು ಹೋದಳು. ಬಾಯಲ್ಲಿ ಎಂಜಲೂ ಇರಬೇಕಲ್ಲ.

ಆಗಲಾದರೂ ಹೇಳಿದೆನೇ? ಹನ್ನೊಂದನೆಯ ದಿನದ ಕಾರ್ಯ ಮುಗಿಯಲಿ ಎಂದುಕೊಂಡೆ. ಮನುಷ್ಯನಿಗೆ ಮುಂದಕ್ಕೆ ಹಾಕಲು ಸಾವಿಗಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು? ಹನ್ನೆರಡನೆಯ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಒಂದು ಮಾತೂ ಕೇಳದೆ, ಖಾಲಿ ಬಿಂದಿಗೆ ಹಿಡಿದುಕೊಂಡು ತಾನೇ ಕಂಪನಿಯ ಮೆಟ್ಟಿಲು ಹತ್ತಿದಳು. ಸುದ್ದಿ ತಿಳಿದು ನಾನು ಹಿಂದೆ ಓಡಿದೆ. ನಾನು ಮುಟ್ಟುವ ಹೊತ್ತಿಗೆ ಅವಳು ಹಜಾರದಲ್ಲಿದ್ದಳು. ನಿಲ್ಲಲು ತ್ರಾಣ ಸಾಲದೆ ಗೋಡೆಗೆ ಒರಗಿದ್ದಳು. ಅವಳ ತಲೆಯ ಪಕ್ಕದಲ್ಲೇ ಬೋರೆಕೇರಿಯ ತುತ್ತೂರಿ ದಾರದೆಳೆಯಂಥ ಸದ್ದು ಮಾಡುತ್ತಿತ್ತು. ಮೇಡಂ ಎದ್ದು ಬಂದು ಅವಳ ಎದುರು ನಿಂತರು.

"ತಾಯಿ, ನಮ್ ಕೇರೀಲಿ ನೀರು ಹೆಚ್ಚೈತೆ" ಎಂದಳು ಅಕ್ಕ.

"ಗೊತ್ತಮ್ಮ" ಎಂದರು ಮೇಡಂ, ಬಹಳ ಅಕ್ಕರೆಯಿಂದ. "ಅದಕ್ಕೇ ಮುಚ್ಚಿಸ್ತಾ ಬಂದಿದ್ದೇವೆ. ಇನ್ನೂ ಒಂದು ಸುತ್ತು ಮುಚ್ಚಿಸಲಾ?"

ಹಜಾರದಲ್ಲಿದ್ದ ಗುಮಾಸ್ತರು ನೆಲ ನೋಡಿದರು. ಅಕ್ಕ ಉಸಿರೆಳೆದುಕೊಂಡಳು. "ಮುಚ್ಚಿಸ್ಕೊಳಿ. ನಿಮ್ ಕೈಲೈತೆ, ನಿಮ್ ಧರ್ಮ. ನಾನು ಜಗಳಕ್ಕೆ ಬಂದೋಳಲ್ಲ. ಒಂದು ಮಾತು ನಿಮ್ ಕಿವಿಗೆ ಹಾಕಿ ಹೋಗಣ ಅಂತ ಬಂದೆ." ಬಿಂದಿಗೆ ಕೆಳಗಿಟ್ಟು ಎರಡೂ ಕೈ ಮುಂದಕ್ಕೆ ಚಾಚಿದಳು. "ನೀರು ಹೆಚ್ಚಿದ್ದಕ್ಕೆ ನಮ್ ಯಜಮಾನ್ರು ಬಾವಿಗೆ ಇಳಿದ್ರು. ನೆನ್ನೆ ನನ್ ಬಳೆನೂ ಹೆಚ್ಚಿದ್ವು."

ಮೇಡಂ ಆ ಬರಿಗೈಗಳನ್ನು ನೋಡಿದರು. ಮಣಿಕಟ್ಟಿನ ಸುತ್ತ ಬಳೆ ಕೂತು ಕೂತು ಬೆಳ್ಳಗಾದ ಗೆರೆ, ಒಂದು ಕಡೆ ಗಾಜು ತಗುಲಿದ ಗಾಯ. "ಬಳೆ ಹೆಚ್ಚಿದವು" ಎಂದು ತಮ್ಮಷ್ಟಕ್ಕೆ ಅಂದರು. "ನಮ್ಮಮ್ಮನೂ ಹೀಗೇ ಅಂದಿದ್ದರು... ಅಪ್ಪ ಹೋದಾಗ..." ನಿಧಾನಕ್ಕೆ ತಿರುಗಿ ಮೇಜಿನ ಮೇಲಿನ ಚೀಟಿಗಳ ರಾಶಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಬೈಯಲಿ ಎಂದು ನಾನು ಜೀವಮಾನದಲ್ಲಿ ಒಂದೇ ಸಲ ಬೇಡಿಕೊಂಡದ್ದು ಆಗ. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ. ನೂರಹನ್ನೆರಡು ದಿನಗಳ ಒಂದೊಂದು ಚೀಟಿಯೂ ಒಂದೊಂದಾಗಿ ಅವರ ಕಣ್ಣೊಳಗೆ ಮಗುಚಿಕೊಳ್ಳುತ್ತಿತ್ತು. ಅವರು ಅಕ್ಕನ ಎರಡೂ ಕೈಗಳನ್ನು ಹಿಡಿದು ಎದೆಗೆ ಒತ್ತಿಕೊಂಡರು. ಅವರ ಬಾಯಿ ತುತ್ತೂರಿಗೆ ಒಂದು ಗೇಣು ದೂರದಲ್ಲಿತ್ತು. ಆ ಹೊತ್ತು ನಾಲಿಗೆಯ ಮೇಲೆ ಲವಂಗ ಇತ್ತೋ ಹೇಗೋ, ನಾನರಿಯೆ.

"ಅಯ್ಯೋ ದೇವರೇ" ಎಂದರು ಪ್ರಫುಲ್ಲಾ ಮೇಡಂ. "ಬೋರೆಕೇರಿಯಲ್ಲಿ ನೀರೇ ಇಲ್ಲವಾ?"

ತುತ್ತೂರಿಯ ಸದ್ದು ನಿಂತಿತು.

ಬುಡೇನ್ ಸಾಬರು ವಾಲ್ವನ್ನು ಪೂರ್ತಿ ತೆರೆದರು, ಹನಿಯೂ ಬಾರದು. ಆಮೇಲೆ ರಸ್ತೆ ಅಗೆದರು. ಕೊಳವೆ ಇದ್ದ ಕಡೆ ಯಾವತ್ತೂ ಗುದ್ದಲಿ ಕಾಣದ ಗಟ್ಟಿ ಮಣ್ಣು. ಟ್ಯಾಂಕರಿನಲ್ಲಿ ನೀರು ಕಳಿಸಿದರು. ಕೇರಿಯ ಮೊದಲ ಮನೆ ದಾಟುತ್ತಲೇ ಟ್ಯಾಂಕರು ಹಗುರಾಗಿ ಎಗರತೊಡಗಿತು. ತೆರೆದು ನೋಡಿದರೆ ಒಳಗೆ ತುಕ್ಕಿನ ವಾಸನೆ. ನಾನು ಎರಡು ಕೊಡ ಹೊತ್ತು ಅಕ್ಕನ ಮನೆಗೆ ಹದಿನೇಳು ಸಲ ಹೋದೆ. ಹದಿನೇಳು. ಇದು ನನ್ನ ಬಾಯಿಂದ ಬಂದ ಒಂದೇ ಸರಿಯಾದ ಲೆಕ್ಕ. ಹದಿನೇಳು ಸಲವೂ ಮೊದಲ ಮನೆಯ ಜಗುಲಿಯ ಹತ್ತಿರ ಹೆಗಲು ಹಗುರವಾಯಿತು. ಕೇರಿಯೊಳಗೆ ಯಾರಿಗೂ ಬೆವರು ಬಾರದು. ಕಣ್ಣೀರು ಬಾರದು. ಸಾವು ಕಂಡ ಅಕ್ಕನ ಮನೆಯಲ್ಲಿ ಹೆಂಗಸರು ಒಣಗಣ್ಣಿನಲ್ಲಿ ಬಾಯಿ ತೆರೆದು ಕೂತಿದ್ದರು.

ಮೇಡಂ ಆ ಸಂಜೆಯೇ ರಾಜೀನಾಮೆ ಬರೆದಿಟ್ಟರು. ಬಸ್ ನಿಲ್ದಾಣದವರೆಗೆ ನಾನು ಅವರ ಪೆಟ್ಟಿಗೆ ಹೊತ್ತೆ. ಅವರು ಒಂದೇ ಒಂದು ಮಾತು ಕೇಳಿದರು. "ನಿಮಗೆ ಗೊತ್ತಿತ್ತಾ?" ಐವತ್ತೆಂಟು ವರ್ಷ ಮಾತಿನಲ್ಲೇ ಬದುಕಿದ ನಾನು ಪೆಟ್ಟಿಗೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡೆ. ಅವರಿಗೆ ಉತ್ತರ ಸಿಕ್ಕಿತು. ವಿರೂಪಣ್ಣನವರು ಮಾರನೆಯ ದಿನ ಕರೆಸಿ, "ಬೋರೆಕೇರಿ ಲೆಕ್ಕದಿಂದ ಬಿಟ್ಟುಹೋದ ಮೇಲೆ ನಮ್ಮ ಸೋರಿಕೆ ಅರ್ಧಕ್ಕೆ ಇಳಿದೈತೆ ಗವಿರಂಗ. ಹೆಂಗಸು ಬುದ್ಧಿವಂತೆ. ಅಂಥೋರೇ ಇನ್ನೊಬ್ಬರನ್ನ ಹುಡುಕು" ಎಂದರು. ನಾನು "ನೋಡೋಣ" ಎಂದು ಬಂದೆ. ನಮ್ಮ ಊರಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ನಾಲ್ಕನೆಯ ದಿನ ಬೋರೆಕೇರಿ ಎದ್ದಿತು. ಅರವತ್ತೆರಡು ಮನೆಯವರು ಗಂಟುಮೂಟೆ ಕಟ್ಟಿಕೊಂಡು, ಬೀಗ ಹಾಕುವುದನ್ನೂ ಬಿಟ್ಟು, ದಿಣ್ಣೆ ಇಳಿದು ಪಡುವಣ ದಾರಿ ಹಿಡಿದರು. ಯಾವ ಊರಿಗೆಂದು ಅವರಿಗೂ ತಿಳಿಯದು. ಕೇರಿಯ ಮೊದಲ ಮನೆ ದಾಟಿ ಹತ್ತು ಹೆಜ್ಜೆ ಹೋಗಿರಬಹುದು, ಮುಂದೆ ಹೋಗುತ್ತಿದ್ದ ಒಬ್ಬ ಮುದುಕಿ ನಿಂತು ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಅವಳ ಹಿಂದಿನವಳು. ಆಮೇಲೆ ಎಲ್ಲರೂ. ತಡೆದು ನಿಂತಿದ್ದ ಅಷ್ಟೂ ದಿನಗಳ ಅಳು ಆ ದಾರಿಯ ಮೇಲೆ ಒಮ್ಮೆಗೇ ಬಂತು. ಯಾರೂ ನಿಂತು ಅತ್ತವರಲ್ಲ. ನಡೆಯುತ್ತಲೇ ಅತ್ತರು. ಅಕ್ಕ ಎಲ್ಲರಿಗಿಂತ ಹಿಂದಿದ್ದಳು. ನಾನು ಅವಳ ಪಕ್ಕ ಪಕ್ಕ ನಡೆದೆ.

"ಅಕ್ಕ, ನನ್ ಮನೆಗೆ ಬಾ. ನೀನೊಬ್ಳೇ ತಾನೆ. ನಡುಮನೆನೇ ನಿನಗೆ ಬಿಡ್ತೀನಿ."

"ನಿನ್ ಮನೇಲಿ ಜಾಗ ಹೆಚ್ಚೈತೆ ಕಣಪ್ಪ" ಎಂದಳು, ಮುಂದೆ ನೋಡುತ್ತಲೇ.

"ಹಂಗನ್ಬ್ಯಾಡ. ಬೈಯಿ, ಹೊಡಿ. ಗೊತ್ತಿದ್ದೂ ಸುಮ್ನಿದ್ದೆ ಅಕ್ಕ. ಆ ಪೇಟಕ್ಕೋಸ್ಕರ ಸುಮ್ನಿದ್ದೆ."

ಅವಳು ನಿಂತಳು. ಒದ್ದೆ ಕೆನ್ನೆ ಒರೆಸಿಕೊಂಡು, ಅದೇ ಒದ್ದೆ ಬೆರಳಿನಿಂದ ನನ್ನ ಹುಬ್ಬಿನ ಮೇಲಿದ್ದ ಮಣ್ಣನ್ನು ಒರೆಸಿದಳು, ನಾನು ಎರಡು ವರ್ಷದವನಾಗಿದ್ದಾಗ ಒರೆಸುತ್ತಿದ್ದಿರಬೇಕು ಹಾಗೆ. ಮುಂದೆ ದಾರಿ ತಿರುಗುತ್ತಿತ್ತು. ಜನ ಆಗಲೇ ತಿರುವು ದಾಟಿದ್ದರು.

"ಹೋಗ್ತೀನಿ ರಂಗ" ಎಂದಳು.

ಯಾವ ಮನೆಯ ಹೊಸಿಲಲ್ಲಾಗಲಿ, ಯಾವ ಸಿಟ್ಟಿನಲ್ಲಾಗಲಿ, ನಮ್ಮವರು ಆ ಮಾತನ್ನು ಅಲ್ಲಿಗೇ ನಿಲ್ಲಿಸುವವರಲ್ಲ. 'ಬರ್ತೀನಿ' ಅಂತ ಒಂದು ಬಾಲ ಇರಲೇಬೇಕು. ಹೋಗಿಬರ್ತೀನಿ. ನಾನು ಆ ಉಳಿದರ್ಧಕ್ಕೆ ಕಾದು ನಿಂತೆ. ಅಕ್ಕ ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ತಿರುವಿನ ಕಡೆಗೆ ನಡೆದಳು.